ಹಾಡು ನಿಲ್ಲಬಾರದಂದ್ರ ಬ್ಯಾಟರಿ ನೋಡಿ ತಗೋರಿ

ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಓದಲು ಧಾರವಾಡದ ಸಪ್ತಾಪುರಕ್ಕೆ ಬಂದು ರೂಮು ಮಾಡಿರುವ ನನ್ನ ಗೆಳೆಯರಲ್ಲಿ ಐದು ಮಂದಿ ಈ ವರ್ಷ ಸ್ಮಾರ್ಟ್‌ಫೋನನ್ನು ಊರಲ್ಲೇ ಬಿಟ್ಟು ಬಂದಿದ್ದಾರೆ. ರೀಲ್ಸ್ ನೋಡುತ್ತ ಕುಳಿತರೆ ಅರ್ಥಶಾಸ್ತ್ರದ ಪುಟ ತಿರುಗುವುದಿಲ್ಲ ಎಂಬುದು ಅವರ ದೂರು. ಮನೆಗೆ ಮಾತಾಡಲು ಕೀಪ್ಯಾಡ್ ಫೋನು, ಓದಿ ತಲೆ ಚಿಟ್ಟು ಹಿಡಿದಾಗ ಕೇಳಲು ಅಂಗೈಯಗಲದ ಮ್ಯೂಸಿಕ್ ಪ್ಲೇಯರು. ಮೆಮೊರಿ ಕಾರ್ಡ್ ಸಿಕ್ಕಿಸಿದರೆ ಹಾಡು, ಸ್ವಿಚ್ ಸರಿಸಿದರೆ ರೇಡಿಯೊ. ಎರಡು ತಿಂಗಳು ಎಲ್ಲವೂ ಚೆಂದ. ಆಮೇಲೆ ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಪ್ಲೇಯರು ಕಣ್ಣು ಮುಚ್ಚುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಬಿ.ಇ. ಓದುತ್ತಿರುವುದರಿಂದ ಭಾನುವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದಾಗಲೆಲ್ಲ ಒಂದೇ ಪ್ರಶ್ನೆ: ‘ಏನಲೇ ಇಂಜಿನಿಯರ್, ಇದಕ್ಕ ಯಾವ ಬ್ಯಾಟರಿ ಹಾಕೂದು ಹೇಳ?’ ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಪ್ಲೇಯರಿನ ಹಿಂದಿನ ಮುಚ್ಚಳ ತೆಗೆದು ನೋಡಿ. ಬಹುತೇಕ ಸಣ್ಣ ಪ್ಲೇಯರುಗಳಲ್ಲಿ ಬಿಸ್ಕತ್ತಿನಂಥ ಚಪ್ಪಟೆ ಬ್ಯಾಟರಿ ಇರುತ್ತದೆ, ಮೇಲೆ ‘ಬಿಎಲ್-5ಸಿ’ ಎಂದು ಬರೆದಿರುತ್ತದೆ. ಇದು ಮೂಲತಃ ನೋಕಿಯಾ ಫೋನುಗಳ ಬ್ಯಾಟರಿ. ಆ ಫೋನುಗಳೆಲ್ಲ ಮೂಲೆ ಸೇರಿದವು, ಬ್ಯಾಟರಿಯ ಅಳತೆ ಮಾತ್ರ ಉಳಿಯಿತು. ಹೊಲದಲ್ಲಿ ಜಾನಪದ ಹಾಡು ಕೇಳುವ ರೈತರ ರೇಡಿಯೊದಲ್ಲೂ ಅದೇ, ನನ್ನ ಗೆಳೆಯರ ಪ್ಲೇಯರಿನಲ್ಲೂ ಅದೇ. ಎಲ್ಲೆಡೆ ಹೊಂದುವ ಅಳತೆ ಎಂದಮೇಲೆ ಯಾರು ಬೇಕಾದರೂ ತಯಾರಿಸುತ್ತಾರೆ, ಏನು ಬೇಕಾದರೂ ಬರೆಯುತ್ತಾರೆ.

ದುರ್ಗದಬೈಲಿನ ಸುತ್ತಲಿನ ಅಂಗಡಿಗಳಲ್ಲಿ ಕೇಳಿದರೆ ಒಂದೇ ಗಾತ್ರದ ಬ್ಯಾಟರಿಗಳನ್ನು ಸಾಲಾಗಿ ಇಡುತ್ತಾರೆ. ಒಂದರ ಮೇಲೆ 1020 ಎಂಎಎಚ್, ಇನ್ನೊಂದರ ಮೇಲೆ 1800, ಮತ್ತೊಂದರ ಮೇಲೆ 3000. ‘ಮೂರು ಸಾವಿರದ್ದು ತಗೋರಿ, ಭಾಳ ಸ್ಟ್ರಾಂಗ್ ಐತಿ’ ಎಂದು ಒಬ್ಬ ಅಂಗಡಿಯವರು ನನ್ನ ಗೆಳೆಯನಿಗೆ ಕೊಟ್ಟೂ ಬಿಟ್ಟರು. ಎಂಎಎಚ್ ಎಂದರೆ ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕದ ಹಾಗೆ. ನೋಕಿಯಾದ ಅಸಲಿ ಬಿಎಲ್-5ಸಿ ಬ್ಯಾಟರಿಯದು 1020, ವೋಲ್ಟೇಜು 3.7. ಅದೇ ಗಾತ್ರ, ಅದೇ ತೂಕ, ಅದೇ ಲೀಥಿಯಂ ಅಯಾನ್ ರಸಾಯನ. ಅದರಲ್ಲಿ ಮೂರು ಪಟ್ಟು ತುಂಬುವುದು ಹೇಗೆ? ಕೊಡ ದೊಡ್ಡದಾಗದೆ ನೀರು ಹೆಚ್ಚು ಹಿಡಿಯುವುದಿಲ್ಲ.

ನಮ್ಮ ಲ್ಯಾಬಿನ ಸರ್ ಹತ್ತಿರ ಅನುಮತಿ ಕೇಳಿ ಒಂದು ಮಧ್ಯಾಹ್ನ ಆ ಮೂರು ಸಾವಿರದ ಬ್ಯಾಟರಿಯನ್ನು ಪರೀಕ್ಷಿಸಿದೆ. ಪೂರ್ತಿ ಚಾರ್ಜ್ ಮಾಡಿ, 10 ಓಮ್‌ನ 5 ವಾಟ್ ರೆಸಿಸ್ಟರ್ ಜೋಡಿಸಿ, ಮಲ್ಟಿಮೀಟರ್ ಇಟ್ಟು ಹತ್ತು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆದುಕೊಳ್ಳುತ್ತ ಹೋದೆ. 3 ವೋಲ್ಟಿಗೆ ಇಳಿದ ಕೂಡಲೇ ನಿಲ್ಲಿಸಬೇಕು, ಅದಕ್ಕಿಂತ ಕೆಳಗೆ ಎಳೆದರೆ ಲೀಥಿಯಂ ಬ್ಯಾಟರಿ ಕೆಡುತ್ತದೆ. ಸರಾಸರಿ 370 ಮಿಲಿಆಂಪ್ ಹರಿಯುವ ಈ ಲೆಕ್ಕದಲ್ಲಿ 3000 ನಿಜವಾಗಿದ್ದರೆ ಎಂಟು ತಾಸು ಬರಬೇಕಿತ್ತು. ಬಂದದ್ದು ಒಂದು ತಾಸು ಮೂವತ್ತೈದು ನಿಮಿಷ. ಅಂದರೆ 600ಕ್ಕೂ ಸ್ವಲ್ಪ ಕಡಿಮೆ. ಹಳೆಯ ಕೀಪ್ಯಾಡ್ ಫೋನಿನ ಜೊತೆ ಬಂದಿದ್ದ, ವರ್ಷಗಟ್ಟಲೆ ದುಡಿದ 1020ರ ಬ್ಯಾಟರಿ ಅದೇ ಪರೀಕ್ಷೆಯಲ್ಲಿ ಎರಡು ತಾಸು ಇಪ್ಪತ್ತು ನಿಮಿಷ ನಡೆಯಿತು. (ರೆಸಿಸ್ಟರ್ ಮುಟ್ಟಬೇಡಿ, ಒಲೆಯ ಮೇಲಿನ ಹಂಚಿನಂತೆ ಕಾದಿರುತ್ತದೆ.)

ಬರಿಯ ದುಡ್ಡಿನ ಮೋಸವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2007ರ ಆಗಸ್ಟ್‌ನಲ್ಲಿ ನೋಕಿಯಾ ಕಂಪನಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು: 2005ರ ಡಿಸೆಂಬರ್‌ನಿಂದ 2006ರ ನವೆಂಬರ್ ನಡುವೆ ಮತ್ಸುಶಿತಾ ಕಂಪನಿ ತಯಾರಿಸಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾಗುವ ಸಾಧ್ಯತೆಯಿದೆ, ಬದಲಿಸಿಕೊಡುತ್ತೇವೆ ಎಂದು. ಆಗ ನಾನು ಹುಟ್ಟಿರಲಿಲ್ಲ ಅಥವಾ ತೊಟ್ಟಿಲಲ್ಲಿದ್ದೆ ಅನ್ನಿ, ಅಪ್ಪ ಮಾತ್ರ ಇವತ್ತಿಗೂ ಆ ಗಲಾಟೆಯನ್ನು ನೆನೆಯುತ್ತಾರೆ. ಒಳ್ಳೆಯ ಕಾರ್ಖಾನೆಯಿಂದ ಬಂದ ಮಾಲಿಗೇ ಹೀಗಾಗಬಹುದಾದರೆ, ಹೆಸರು ದೆಸೆ ಇಲ್ಲದ ಬ್ಯಾಟರಿಯನ್ನು ತಲೆದಿಂಬಿನ ಪಕ್ಕ ಚಾರ್ಜಿಗಿಟ್ಟು ಮಲಗುವ ನಮ್ಮ ಧೈರ್ಯಕ್ಕೆ ಏನನ್ನಬೇಕು! ಹತ್ತಡಿ ರೂಮಿನಲ್ಲಿ ಮೂರು ಕಾಟು, ಸುತ್ತಲೂ ನೋಟ್ಸ್ ರಾಶಿ, ಇರುವುದು ಒಂದೇ ಬಾಗಿಲು.

ಹಾಗಾದರೆ ಏನು ನೋಡಿ ಕೊಳ್ಳಬೇಕು? ಮೊದಲು ಐಎಸ್ 16046 ಎಂಬ ಗುರುತು ಮತ್ತು ಅದರ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ತಯಾರಕರದ್ದೆಂದು ತೋರಿಸುತ್ತದೆ. ಸ್ಮಾರ್ಟ್‌ಫೋನ್ ಬಿಟ್ಟವರು ಈ ಒಂದು ಕೆಲಸಕ್ಕೆ ನನ್ನಂಥವನನ್ನು ಕರೆದುಕೊಂಡು ಹೋಗಿ, ಚಹಾ ಕುಡಿಸಿದರೆ ಸಾಕು. ಆಮೇಲೆ ಸಂಖ್ಯೆಯ ಆಸೆ ಬಿಡಿ. ಈ ಗಾತ್ರದಲ್ಲಿ 1000ದ ಆಸುಪಾಸು ಬರೆದವನು ನಿಜ ಹೇಳುತ್ತಿರುವ ಸಾಧ್ಯತೆ ಹೆಚ್ಚು.

ಹಳೆಯ ಬ್ಯಾಟರಿಗೆ ಮೊಬೈಲ್ ರಿಪೇರಿಯವರ ಪರೀಕ್ಷೆಯೊಂದಿದೆ. ಗಾಜಿನ ಮೇಲೆ ಇಟ್ಟು ಬೆರಳಿನಿಂದ ತಿರುಗಿಸಿ. ಬುಗುರಿಯಂತೆ ಗಿರಗಿರ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಒಳಗಿನ ದ್ರಾವಣ ಕೆಟ್ಟು ಅನಿಲವಾಗಿದೆ. ಅದನ್ನು ಮತ್ತೆ ಚಾರ್ಜ್ ಮಾಡಬಾರದು, ಒತ್ತಿ ಚಪ್ಪಟೆ ಮಾಡಲೂಬಾರದು, ಚುಚ್ಚುವ ಮಾತಂತೂ ಬೇಡ.

ಚಾರ್ಜ್ ಮಾಡುವ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆ ಎಲ್ಲ ರೂಮುಗಳಲ್ಲೂ ಸಿಗುತ್ತವೆ. ಮೊದಲನೆಯದು, ದೊಡ್ಡ ಚಾರ್ಜರ್ ಹಾಕಿದರೆ ಸಣ್ಣ ಪ್ಲೇಯರು ಸುಡುತ್ತದೆ ಎಂಬುದು. ಯುಎಸ್‌ಬಿ ಚಾರ್ಜರ್ 2 ಆಂಪ್ ಕೊಡಬಲ್ಲದು ಅಂದರೆ ಅಷ್ಟನ್ನೂ ತುರುಕುತ್ತದೆ ಎಂದಲ್ಲ. ಪ್ಲೇಯರಿನ ಒಳಗಿನ ಸಣ್ಣ ಚಿಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಮೊದಲು ಒಂದೇ ಸಮನೆ ಕರೆಂಟ್, ವೋಲ್ಟೇಜ್ 4.2ಕ್ಕೆ ಮುಟ್ಟಿದ ಮೇಲೆ ಕರೆಂಟು ಮೆಲ್ಲಗೆ ಇಳಿಯುತ್ತ ಬಂದು ನಿಲ್ಲಬೇಕು. ಹೆದರಬೇಕಾದದ್ದು ದೊಡ್ಡ ಚಾರ್ಜರಿಗಲ್ಲ, ಬ್ಯಾಟರಿ ಬಿಚ್ಚಿ ಎರಡು ಕಡ್ಡಿಗಳ ನಡುವೆ ಸಿಕ್ಕಿಸುವ ಅಗ್ಗದ ಚಾರ್ಜರಿಗೆ. ಅದರಲ್ಲಿ ಮಿಣುಕು ದೀಪಗಳಿಗೆ ಕೊಟ್ಟಷ್ಟು ಗಮನವನ್ನು 4.2 ವೋಲ್ಟಿಗೆ ಕೊಟ್ಟಿರುವುದು ಅನುಮಾನ. ಎರಡನೆಯದು, ಪೂರ್ತಿ ಖಾಲಿಯಾಗುವವರೆಗೆ ಚಾರ್ಜ್ ಮಾಡಬಾರದು ಎಂಬುದು. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್ಲುಗಳ ಕಾಲದ ಬುದ್ಧಿಮಾತು. ಲೀಥಿಯಂಗೆ ಅರ್ಧದಲ್ಲಿ ಚಾರ್ಜ್ ಮಾಡಿದರೆ ಏನೂ ಆಗದು. ಪರೀಕ್ಷೆ ಮುಗಿಸಿ ಊರಿಗೆ ಹೋಗುವಾಗ ಅರ್ಧ ಚಾರ್ಜಿನಲ್ಲಿ, ಬಿಸಿಲು ಬೀಳದ ಕಡೆ ಇಟ್ಟು ಹೋದರೆ ಬಂದಾಗ ಬದುಕಿರುತ್ತದೆ.

ಇನ್ನು ಪೆನ್ಸಿಲ್ ಸೆಲ್ಲಿನ ಪ್ಲೇಯರುಗಳು. ನಮ್ಮ ಮನೆಯಲ್ಲಿ ಅಪ್ಪನ ಹಳೆಯ ವಾಕ್‌ಮನ್ ಇದೆ, ಎರಡು ಪೆನ್ಸಿಲ್ ಸೆಲ್ ಬೇಡುತ್ತದೆ. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಕ್ಯಾಸೆಟ್‌ಗಳು ಅಲ್ಮಾರಿಯಲ್ಲಿ ಇರುವವರೆಗೆ ಅದು ಮನೆಬಿಟ್ಟು ಹೋಗುವುದಿಲ್ಲ. ಸಾದಾ ಸೆಲ್ ಹಾಕಿದಾಗ ಅದರ ವೋಲ್ಟೇಜ್ 1.5ರಿಂದ ಶುರುವಾಗಿ ಇಳಿಯುತ್ತಲೇ ಹೋಗುತ್ತದೆ. ಸೆಲ್ಲು ಸೋತಾಗ ಮೋಟರ್ ನಿಧಾನವಾಗಿ, ಮೊದಲೇ ಗಂಭೀರವಾದ ಗಂಗೂಬಾಯಿಯವರ ದನಿ ಪಾತಾಳಕ್ಕಿಳಿಯುತ್ತದೆ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ವೋಲ್ಟೇಜು 1.2. ‘ಕಡಿಮೆ ಅದ, ನಡೆಯೂದಿಲ್ಲ’ ಎಂದು ಅನೇಕರು ಅದನ್ನು ಬಿಡುತ್ತಾರೆ. ಆದರೆ ಅದು ಕೊನೆಯ ತನಕ 1.2ರ ಹತ್ತಿರವೇ ನಿಂತಿರುತ್ತದೆ, ಸಾದಾ ಸೆಲ್ ತನ್ನ ಅರ್ಧ ಆಯುಷ್ಯ ಕಳೆಯುವ ಹೊತ್ತಿಗೆ ಅದೇ ಮಟ್ಟಕ್ಕೆ ಬಂದಿರುತ್ತದೆ. ಈಗ ಹಾಡು ಸರಿಯಾದ ಶ್ರುತಿಯಲ್ಲೇ ನಡೆದು ಒಮ್ಮೆಲೇ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ.

ಇಲ್ಲೂ ದೊಡ್ಡ ಸಂಖ್ಯೆಯ ಮೋಹ ಇದೆ. ಪ್ಯಾನಸೋನಿಕ್‌ನ ಎನೆಲೂಪ್ ಸೆಲ್ ನೋಡಿ, 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ತಂದದ್ದು. ಅದರಲ್ಲಿ 2000 ಎಂಎಎಚ್‌ನ ಸಾದಾ ಮಾದರಿಯನ್ನು 2100 ಸಲ ಚಾರ್ಜ್ ಮಾಡಬಹುದೆಂದು ಕಂಪನಿ ಹೇಳುತ್ತದೆ. 2500ರ ಪ್ರೊ ಮಾದರಿಗೆ 500 ಸಲ ಮಾತ್ರ. ಡಬ್ಬಿಯೊಳಗಿನ ಜಾಗ ಅಷ್ಟೇ, ಹೆಚ್ಚು ತುಂಬಿಸಿದಷ್ಟೂ ಬಾಳಿಕೆ ಕಡಿಮೆ. ಎನೆಲೂಪ್ ಬಂದಾಗಿನ ಹೊಸತನ ಇನ್ನೊಂದು: ಸುಮ್ಮನಿಟ್ಟರೂ ಬೇಗ ಸೋರಿಹೋಗುವುದಿಲ್ಲ. ಹಳೆಯ ನಮೂನೆಯ ರೀಚಾರ್ಜ್ ಸೆಲ್ಲನ್ನು ಚಾರ್ಜ್ ಮಾಡಿ ಒಂದು ತಿಂಗಳು ಮೇಜಿನಲ್ಲಿಟ್ಟರೆ ಒಳ್ಳೆಯ ಪಾಲು ತಾನಾಗಿ ಖಾಲಿಯಾಗಿರುತ್ತದೆ. ಈಗ ಬೇರೆ ಕಂಪನಿಗಳೂ ಇಂಥವನ್ನು ಮಾರುತ್ತವೆ. ಪೊಟ್ಟಣದ ಮೇಲೆ ‘ಚಾರ್ಜ್ ಮಾಡಿಯೇ ಬಂದಿದೆ, ನೇರ ಬಳಸಿ’ ಎಂಬ ಅರ್ಥದ ಮಾತಿದ್ದರೆ ಅದೇ ಬಗೆ. ಬ್ಯಾಗಿನಲ್ಲಿ ಬಿದ್ದಿರುವ ಪ್ಲೇಯರಿಗೆ 2700ಕ್ಕಿಂತ ಸೋರದ 2000 ಲೇಸು.

ಎಲ್ಲರಿಗೂ ರೀಚಾರ್ಜ್ ಸೆಲ್ಲೇ ಬೇಕೇ ಎಂದರೆ, ಇಲ್ಲ. ನಾಲ್ಕು ಸೆಲ್ಲು, ಒಂದು ಚಾರ್ಜರು ಸೇರಿ ನನಗೆ 1,400 ರೂಪಾಯಿ ಬಿದ್ದಿತು. ಅಪ್ಪನ ವಾಕ್‌ಮನ್ ನನ್ನ ಮೀಟರಿನಲ್ಲಿ 140 ಮಿಲಿಆಂಪ್ ಎಳೆಯಿತು, ಸಾದಾ ಸೆಲ್ಲಿನ ಜೋಡಿ ವಾರವೂ ಬಾಳುತ್ತಿರಲಿಲ್ಲ. ಅಲ್ಲಿ ದುಡ್ಡು ಬೇಗ ವಾಪಸು ಬರುತ್ತದೆ. ಆದರೆ ಇಯರ್‌ಫೋನ್ ಹಾಕಿ ದಿನಕ್ಕೊಂದು ತಾಸು ವಾರ್ತೆ ಕೇಳುವ ಕಿಸೆ ರೇಡಿಯೊ ಎಳೆಯುವುದು ಮೂವತ್ತು ಮಿಲಿಆಂಪ್‌ನಷ್ಟು. ಅದಕ್ಕೆ ಮೂವತ್ತು ರೂಪಾಯಿಯ ಜೋಡಿ ತಿಂಗಳು ನಡೆಯುತ್ತದೆ. 1,400 ರೂಪಾಯಿ ಹುಟ್ಟಲು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ನೌಕರಿ ಸಿಕ್ಕಿರುತ್ತದೆ ಎಂದು ನಾನು ಆ ಗೆಳೆಯನಿಗೆ ಹೇಳಿದೆ, ಅವನು ನಗಲಿಲ್ಲ.

ಕೊಳ್ಳುವುದೇ ಆದರೆ ಸೆಲ್ಲಿಗಿಂತ ಚಾರ್ಜರಿಗೆ ಹೆಚ್ಚು ದುಡ್ಡು ಹಾಕಿ. ಈ ಸೆಲ್ಲು ತುಂಬಿದಾಗ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಕೆಳಗಿಳಿಯುತ್ತದೆ, ಮೈ ಬಿಸಿಯಾಗುತ್ತದೆ. ಒಳ್ಳೆಯ ಚಾರ್ಜರ್ ಅದನ್ನು ಗುರುತಿಸಿ ತಾನೇ ನಿಲ್ಲಿಸುತ್ತದೆ. ಮಧ್ಯಮ ಬೆಲೆಯವು ಬರೀ ಗಡಿಯಾರ ನಂಬುತ್ತವೆ. ನಡುವೆ ಕರೆಂಟ್ ಹೋಗಿ ಬಂದರೆ ಅಂಥ ಗಡಿಯಾರ ಮತ್ತೆ ಮೊದಲಿನಿಂದ ಎಣಿಸಲು ಶುರುಮಾಡುತ್ತದೆ, ತುಂಬಿದ ಸೆಲ್ಲಿಗೆ ಮತ್ತೊಂದು ಸುತ್ತು ಬೀಳುತ್ತದೆ. ಅತಿ ಅಗ್ಗದವಕ್ಕೆ ಗಡಿಯಾರವೂ ಇಲ್ಲ. ಅದೇ ಇದ್ದವರು ಲೆಕ್ಕ ಹಾಕಿ: 2000 ಎಂಎಎಚ್‌ನ ಖಾಲಿ ಸೆಲ್, ಚಾರ್ಜರ್ ಮೇಲೆ 200 ಮಿಲಿಆಂಪ್ ಎಂದು ಬರೆದಿದ್ದರೆ ಸುಮಾರು ಹದಿನೈದು ತಾಸು. ಒಂದೊಂದು ಸೆಲ್ಲಿಗೂ ಬೇರೆ ಬೇರೆ ದೀಪ ಇರುವ ಚಾರ್ಜರ್ ಸಿಕ್ಕರೆ ಅದನ್ನೇ ತನ್ನಿ. ಹಳೆಯದೊಂದು ಹೊಸದೊಂದು ಜೋಡಿಸಬೇಡಿ. ದುರ್ಬಲ ಸೆಲ್ ಮೊದಲು ಖಾಲಿಯಾಗಿ, ಇನ್ನೊಂದು ಅದರ ಮೂಲಕ ಉಲ್ಟಾ ಕರೆಂಟ್ ದೂಡಿ ಕೆಡಿಸುತ್ತದೆ. ನಾನು ಜೋಡಿಗಳಿಗೆ ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇನೆ, ಅಕ್ಕನ ಕಡೆಯಿಂದ ಕದ್ದದ್ದು.

ಯುಎಸ್‌ಬಿ ತೂತಿರುವ 1.5 ವೋಲ್ಟಿನ ಪೆನ್ಸಿಲ್ ಸೆಲ್ಲುಗಳೂ ಬಂದಿವೆ. ಒಳಗಿರುವುದು ಲೀಥಿಯಂ, ಅದನ್ನು 1.5ಕ್ಕೆ ಇಳಿಸುವ ಪುಟ್ಟ ಸರ್ಕ್ಯೂಟ್ ಜೊತೆಗಿದೆ. ಹಾಡಿಗೆ ಅಡ್ಡಿಯಿಲ್ಲ. ಆದರೆ 1950ರಿಂದ ನಮ್ಮನ್ನು ಎಬ್ಬಿಸುತ್ತ ಬಂದಿರುವ ಆಕಾಶವಾಣಿ ಧಾರವಾಡವನ್ನು ಮೀಡಿಯಂ ವೇವ್‌ನ 765 ಕಿಲೊಹರ್ಟ್ಸ್‌ನಲ್ಲಿ ಕೇಳುವವರಿಗೆ ಆ ಸರ್ಕ್ಯೂಟಿನ ಗುಂಯ್ ಸದ್ದು ವಾರ್ತೆಯ ಮೇಲೆ ಕೂರಬಹುದು. ಅಗ್ಗದ ಚಾರ್ಜರಿನದೂ ಅದೇ ಕಥೆ. ರೇಡಿಯೊ ಹಚ್ಚಿ ಚಾರ್ಜರಿನ ಹತ್ತಿರ ಹಿಡಿದರೆ ಸಾಕು, ಅದು ಎಷ್ಟು ಕೊಳಕು ಕರೆಂಟ್ ಕೊಡುತ್ತದೆಂದು ರೇಡಿಯೊವೇ ಬಾಯಿಬಿಟ್ಟು ಹೇಳುತ್ತದೆ.

ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮನೆಯ ಕಸದಿಂದ ಬೇರೆ ಇಡುವುದು ಬಳಸುವವರ ಹೊಣೆ. ಬ್ಯಾಟರಿಯ ಮೇಲಿನ, ಕಾಟು ಹೊಡೆದ ಚಕ್ರದ ಕಸದ ಡಬ್ಬಿಯ ಚಿತ್ರ ಅದನ್ನೇ ಹೇಳುವುದು. ನಮ್ಮ ಲ್ಯಾಬಿನ ಬಾಗಿಲ ಹತ್ತಿರ ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದೇವೆ. ಹಾಕುವ ಮುಂಚೆ ಲೀಥಿಯಂ ಬ್ಯಾಟರಿಯ ಹೊಳೆಯುವ ತುದಿಗಳ ಮೇಲೆ ಟೇಪ್ ಅಂಟಿಸಬೇಕು, ಇಲ್ಲದಿದ್ದರೆ ಡಬ್ಬಿಯೊಳಗೇ ಒಂದಕ್ಕೊಂದು ತಾಗಿ ಶಾರ್ಟ್ ಆದಾವು. ಆ ‘ಮೂರು ಸಾವಿರ’ದ ಬ್ಯಾಟರಿ ಈಗ ಅದರಲ್ಲೇ ಇದೆ, ಮೈತುಂಬ ಕಪ್ಪು ಟೇಪ್ ಸುತ್ತಿಕೊಂಡು.