ಬಾಲಕಿಯರ ವಿಶ್ವಕಪ್ ಕಾಲ್ಚೆಂಡಾಟ

ಕಾಲ್ಚೆಂಡಾಟವು ಗಂಡುಹುಡುಗರಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ನಮ್ಮ ಜನರಲ್ಲಿ ಇನ್ನೂ ಬಲವಾಗಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ತಿಳಿಯಲು, ನಮ್ಮ ನೆರೆಯಲ್ಲಿಯೇ ನಡೆದ ಒಂದು ಪಂದ್ಯಾವಳಿಯ ವಿಚಾರವನ್ನು ವಿದ್ಯಾರ್ಥಿಗಳು ಅರಿತಿರುವುದು ಒಳ್ಳೆಯದು.

ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಪಂದ್ಯಾವಳಿಯನ್ನು ಫಿಫಾ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2008ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭಿಸಿತು. 2022ರ ಅಕ್ಟೋಬರ್ 11ರಿಂದ 30ರವರೆಗೆ ಅದು ಭಾರತದಲ್ಲಿ ಜರುಗಿತು. ಭುವನೇಶ್ವರ, ಗೋವೆಯ ಮಡಗಾಂವ್ ಹಾಗೂ ನಮ್ಮ ಮುಂಬಯಿಗೆ ಹೊಂದಿಕೊಂಡಿರುವ ನವಿಮುಂಬಯಿ ಇವೇ ಆ ಪಂದ್ಯಗಳು ನಡೆದ ಸ್ಥಳಗಳು.

ಭಾಗವಹಿಸಿದ 16 ತಂಡಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಪ್ರತಿ ತಂಡವೂ ತನ್ನ ಗುಂಪಿನ ಉಳಿದ ಮೂರು ತಂಡಗಳೊಡನೆ ಆಡಬೇಕು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಹೆಚ್ಚು ಅಂಕ ಪಡೆದ ಎರಡೆರಡು ತಂಡಗಳು ಮುಂದಿನ ಹಂತಕ್ಕೆ ಏರಿದುವು. ಅಂತಿಮ ಪಂದ್ಯವು ನೆರೂಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆಯಿತು. 82ನೆಯ ನಿಮಿಷದಲ್ಲಿ ಕೊಲಂಬಿಯಾದ ಆಟಗಾರ್ತಿಯಿಂದಲೇ ಚೆಂಡು ಅವರ ಗೋಲನ್ನು ಹೊಕ್ಕು, ಸ್ಪೇನ್ 1–0ರಿಂದ ಗೆದ್ದಿತು.

ಆತಿಥೇಯ ರಾಷ್ಟ್ರವಾದುದರಿಂದ ಭಾರತಕ್ಕೆ ನೇರ ಪ್ರವೇಶ ದೊರೆತಿತ್ತು. ಭುವನೇಶ್ವರದಲ್ಲಿ ನಮ್ಮ ಬಾಲಕಿಯರು ಅಮೆರಿಕಕ್ಕೆ 8–0, ಮೊರಾಕೊಗೆ 3–0, ಬ್ರೆಜಿಲಿಗೆ 5–0ರಂತೆ ಸೋತರು. ನಾಯಕಿ ಅಷ್ಟಮ್ ಉರಾಂವ್ ಜಾರ್ಖಂಡದ ಗುಮ್ಲಾ ಜಿಲ್ಲೆಯವಳು. ಆಕೆಯ ಗೌರವಾರ್ಥವಾಗಿ ಊರಿಗೆ ರಸ್ತೆ ಹಾಕುವಾಗ ಆಕೆಯ ತಂದೆತಾಯಿಗಳೇ ಅಲ್ಲಿ ಕೂಲಿ ಮಾಡಿದರು. ಗಾರೆ ಕೆಲಸಕ್ಕೂ ಕೂಲಿಗೂ ಹೋಗುವ ತಂದೆತಾಯಿಗಳನ್ನುಳ್ಳ ನಮ್ಮ ಶಾಲೆಯ ಮಕ್ಕಳಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹದಿನಾರು ಗೋಲುಗಳನ್ನು ಬಿಟ್ಟುಕೊಟ್ಟು ಒಂದನ್ನೂ ಗಳಿಸದಿದ್ದುದಕ್ಕೆ ಕಾರಣವೇನು? ಧೈರ್ಯದ ಕೊರತೆಯಂತೂ ಅಲ್ಲ. ಅಮೆರಿಕದಲ್ಲಿ 1972ರಲ್ಲಿ ಒಂದು ಶಾಸನವಾಯಿತು. ಸರಕಾರದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದವೆಣಿಸಕೂಡದೆಂದು ಅದು ವಿಧಿಸಿತು. ಈ ನಿಯಮವು ಆಟದ ಬಯಲಿಗೂ ಅನ್ವಯಿಸಿದ್ದರಿಂದ ಶಾಲೆ ಕಾಲೇಜುಗಳಲ್ಲಿ ಬಾಲಕಿಯರ ತಂಡಗಳು ಬಹಳವಾಗಿ ಹೆಚ್ಚಿದುವು. ಆದುದರಿಂದ ಭುವನೇಶ್ವರದ ಆ ಎಂಟು ಗೋಲುಗಳ ಬೀಜ ಬಿದ್ದುದು ಐವತ್ತು ವರ್ಷಗಳ ಹಿಂದೆ, ಶಾಲೆಯ ಅಂಗಳಗಳಲ್ಲಿ ಎನ್ನಬಹುದು.

ಸೋಲು ಶಾಶ್ವತವಲ್ಲ. 2025ರ ಮಹಿಳೆಯರ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ಭಾರತವು ವಿಶಾಖಪಟ್ಟಣದಲ್ಲಿ ದಕ್ಷಿಣ ಆಫ್ರಿಕಕ್ಕೂ ಆಸ್ಟ್ರೇಲಿಯಕ್ಕೂ ಸೋತಿತು. ಆದರೆ ನವೆಂಬರ್ 2ರಂದು ಇದೇ ನೆರೂಲಿನ ಅಂಗಣದಲ್ಲಿ ಅದೇ ದಕ್ಷಿಣ ಆಫ್ರಿಕವನ್ನು ಮಣಿಸಿ ವಿಶ್ವವಿಜೇತವಾಯಿತು. ಕಾಲ್ಚೆಂಡಿನಲ್ಲಿಯೂ ಅದೇ ಅಕ್ಟೋಬರಿನಲ್ಲಿ ನಮ್ಮ ಹದಿನೇಳರೊಳಗಿನ ಬಾಲಕಿಯರು ಬಿಷ್ಕೆಕ್ ನಗರದಲ್ಲಿ ಉಜ್ಬೇಕಿಸ್ತಾನವನ್ನು 2–1ರಿಂದ ಸೋಲಿಸಿ, 2026ರ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿದರು. ಈ ಸಲ ಪ್ರವೇಶವನ್ನು ಯಾರೂ ಕೊಡಲಿಲ್ಲ, ಆಡಿಯೇ ಪಡೆದರು.

ನಮ್ಮ ಶಾಲೆಯ ಅಂಗಳ ಕಿರಿದು. ಬಿಡುವಿನ ವೇಳೆಯಲ್ಲಿ ಚೆಂಡು ಬಾಲಕರ ಬಳಿಯಲ್ಲಿರುತ್ತದೆ. ಬಾಲಕಿಯರು ಗೋಡೆಯ ಬದಿಗೆ ನಿಂತು ನೋಡುತ್ತಾರೆ. ವಾರದಲ್ಲಿ ಎರಡು ದಿನ ಈ ಅಂಗಳವೂ ಚೆಂಡೂ ಬಾಲಕಿಯರಿಗೇ ಮೀಸಲಾಗಲಿ ಎಂಬುದು ನಮ್ಮ ಆಶಯ. ಬಾಲಕರು ಮನಃಪೂರ್ವಕವಾಗಿ ಸ್ಥಳ ಬಿಡಲಿ. ಪೋಷಕರು ಮನೆಗೆಲಸಕ್ಕೆಂದು ಮಗಳನ್ನು ಬೇಗನೆ ಕರೆಯದಿರಲಿ. ಗೋಲು ಹೊಡೆಯುವುದನ್ನು ಕಲಿಯುವುದಕ್ಕೆ ಮೊದಲು ಚೆಂಡು ಕಾಲಿಗೆ ಸಿಗಬೇಕಷ್ಟೆ.