ಶಾಕ್‌ಗಿಂತ ಮೊದಲು ಬುಷ್ ನೋಡಿ

ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಆ ದಾರಿಯ ಕೊನೆಯ ಭಾಗವನ್ನು ವರ್ಣಿಸಬೇಕಾಗಿಲ್ಲ. ಒಂದು ಚಕ್ರ ಬಂಡೆಯ ಮೇಲಿದ್ದರೆ ಇನ್ನೊಂದು ಕೊರಕಲಿನೊಳಗೆ. ಮಹೀಂದ್ರಾದವರು ಮೊದಲಿಗೆ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಿಂದ ಹಿಡಿದು ಎಂಎಂ 540ರವರೆಗೆ, 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲೂ, ನಾಲ್ಕೂ ಚಕ್ರಗಳಿಗೆ ಇರುವುದು ಪ್ಲೇಟುಗಳನ್ನು ಪೇರಿಸಿದ ಲೀಫ್ ಸ್ಪ್ರಿಂಗು. ಈ ಅಧ್ಯಾಯ ಅಂಥ ಗಾಡಿಗಳದ್ದು. 2020ರ ಥಾರ್‌ನಲ್ಲಿರುವುದು ಕಾಯಿಲ್ ಸ್ಪ್ರಿಂಗು, ಅದರ ಲೆಕ್ಕ ಬೇರೆ.

ಗಾಡಿಯ ಭಾರ ಹೊರುವುದು ಶಾಕ್ ಅಬ್ಸಾರ್ಬರ್ ಎಂದು ಹಲವರು ತಿಳಿದಿದ್ದಾರೆ. ಭಾರ ಹೊರುವುದು ಸ್ಪ್ರಿಂಗು. ಗುಂಡಿಯಲ್ಲಿ ಕುಗ್ಗಿದ ಸ್ಪ್ರಿಂಗು ಪುಟಿದೆದ್ದು ಕುಣಿಯತೊಡಗಿದಾಗ ಅದನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಕೊಳವೆಯ ತುಂಬ ಎಣ್ಣೆ, ಅದರೊಳಗೆ ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಕಿಂಡಿಗಳು. ಎಣ್ಣೆ ಆ ಕಿಂಡಿಗಳಲ್ಲಿ ನುಸುಳುವಾಗ ಕುಣಿತದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಕಲ್ಲುದಾರಿಯಲ್ಲಿ ಬಹಳ ಹೊತ್ತು ಓಡಿಸಿದ ಮೇಲೆ ಶಾಕ್ ಮುಟ್ಟಿದರೆ ಕೈ ಸುಡುವುದು ಅದಕ್ಕೇ. ಕಾದ ಎಣ್ಣೆಗೆ ಗಾಳಿ ಬೆರೆತು ನೊರೆ ಎದ್ದರೆ ಹಿಡಿತ ತಪ್ಪುತ್ತದೆ. ನೈಟ್ರೋಜನ್ ತುಂಬಿದ ಶಾಕ್‌ಗಳಲ್ಲಿ ಈ ಕಾಟ ಕಡಿಮೆ.

ಬುಷ್ ಎಂದರೆ ಸ್ಪ್ರಿಂಗಿನ ತುದಿಯ ಕಣ್ಣುಗಳಲ್ಲಿ, ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಸ್‌ಗೆ ಜೋಡಿಸುವ ಕೊಂಡಿಯಾದ ಶ್ಯಾಕಲ್‌ನಲ್ಲಿ, ಶಾಕ್‌ನ ಎರಡು ತುದಿಗಳಲ್ಲಿ ಕೂರುವ ರಬ್ಬರ್ ತುಂಡು. ಬೆಲೆ ಕಡಿಮೆ, ಕಣ್ಣಿಗೂ ಬೀಳುವುದಿಲ್ಲ. ಆದರೆ ಆಕ್ಸಲನ್ನು ಚಾಸಿಸ್‌ಗೆ ನೆಟ್ಟಗೆ ಹಿಡಿದಿಡುವುದು ಸ್ಪ್ರಿಂಗು, ಸ್ಪ್ರಿಂಗನ್ನು ಹಿಡಿದಿಡುವುದು ಈ ಬುಷ್. ಇದು ಸವೆದರೆ ಆಕ್ಸಲೇ ಹಿಂದೆ ಮುಂದೆ ಜರುಗುತ್ತದೆ. ಗೇರು ಹಾಕಿ ಹೊರಟಾಗ, ಬ್ರೇಕ್ ಒತ್ತಿದಾಗ ಅಡಿಯಿಂದ 'ಟಕ್' ಎಂಬ ಸದ್ದು. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ತಿದ್ದುತ್ತಲೇ ಇರಬೇಕು. ಇಂಥ ಗಾಡಿಗೆ ದುಬಾರಿ ಶಾಕ್ ಹಾಕಿಸಿ, ಏನೂ ಬದಲಾಗಲಿಲ್ಲ ಎಂದು ಗೊಣಗುವವರು ಬೇಕಾದಷ್ಟು ಜನ.

ಹಾಗಾದರೆ ಹೋಗಿರುವುದು ಯಾವುದು? ಬಾನೆಟ್ಟಿನ ಮೂಲೆ ಅದುಮಿ ಬಿಟ್ಟು ಗಾಡಿ ಎಷ್ಟು ಸಲ ಕುಣಿಯಿತೆಂದು ನೋಡುವ ಪರೀಕ್ಷೆ ಕಾರಿಗಾದರೆ ಸರಿ. ಜೀಪಿನಲ್ಲಿ ಪ್ಲೇಟುಗಳು ಒಂದಕ್ಕೊಂದು ಉಜ್ಜುವುದರಿಂದಲೇ ಕುಣಿತ ಅರ್ಧ ನಿಂತುಬಿಡುತ್ತದೆ, ಸತ್ತ ಶಾಕ್ ಕೂಡ ಪಾಸಾಗುತ್ತದೆ. ಶಾಕ್‌ನ ಕೆಳತುದಿ ಬಿಚ್ಚಿ ಕೈಯಿಂದ ಎಳೆದು ಒತ್ತುವುದೇ ನಂಬಬಹುದಾದ ದಾರಿ. ಉದ್ದಕ್ಕೂ ಒಂದೇ ಬಿಗಿ ಇರಬೇಕು. ನಡುವೆ ಎಲ್ಲಾದರೂ ಸಡಿಲಾಗಿ ಜಾರಿದರೆ ಅದರ ಕಾಲ ಮುಗಿದಿದೆ. ಮೈಮೇಲೆ ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ, ಹನಿ ಇಳಿಯುತ್ತಿದ್ದರೆ ಬದಲಿಸಿ. ಬುಷ್‌ಗೆ ಕಬ್ಬಿಣದ ಸಲಾಕೆ ಸಾಕು: ಸ್ಪ್ರಿಂಗಿನ ಕಣ್ಣಿನ ಪಕ್ಕ ತೂರಿಸಿ ಮೀಟಿದಾಗ ಆಟ ಕಂಡರೆ, ರಬ್ಬರ್ ಸೀಳಿದ್ದರೆ, ಬೋಲ್ಟು ನಡುವಿನಿಂದ ಒಂದು ಬದಿಗೆ ಸರಿದಿದ್ದರೆ ಉತ್ತರ ಸಿಕ್ಕಿತು.

ಮಲೆನಾಡಿನ ಮಳೆ ಕುಡಿದ ಬೋಲ್ಟು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಡಿ. ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ತೂರಬೇಡಿ. ಚಾಸಿಸ್‌ಗೆ ಗಟ್ಟಿ ಸ್ಟ್ಯಾಂಡ್ ಕೊಡಿ, ಆಕ್ಸಲಿಗೆ ಬೇರೆ ಜಾಕಿ ಇಡಿ. ಶಾಕ್ ಕಳಚಿದೊಡನೆ ಆಕ್ಸಲ್ ಕೆಳಗೆ ಜೋತು ಬ್ರೇಕ್ ಹೋಸ್ ಜಗ್ಗೀತು. ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕುವುದು ಜಾಣತನ. ಹಳೆಯ ಬುಷ್‌ಗೆ ಬೆಂಕಿ ಹಚ್ಚಿ ತೆಗೆಯುವ ಗ್ಯಾರೇಜುಗಳಿವೆ, ಆ ಹೊಗೆ ವಿಷ. ಗರಗಸದಲ್ಲಿ ಕೊಯ್ದು ಅಥವಾ ಪ್ರೆಸ್‌ನಲ್ಲಿ ಒತ್ತಿ ತೆಗೆಸಿ. ಹೊಸ ರಬ್ಬರ್ ಬುಷ್ ಕೂರಿಸಲು ಸೋಪಿನ ನೀರು ಸಾಕು. ಗ್ರೀಸ್ ತಗುಲಿದರೆ ರಬ್ಬರ್ ಉಬ್ಬಿ ಕೆಡುತ್ತದೆ. (ಹಳೆಯ ವಿಲ್ಲಿಸ್‌ನ ಲೋಹದ ಬುಷ್‌ಗೆ ಮಾತ್ರ ಗ್ರೀಸ್ ಬೇಕೇ ಬೇಕು.) ಹೊಸ ಶಾಕ್‌ಗಳನ್ನು ಒಂದು ಆಕ್ಸಲಿಗೆ ಜೋಡಿಯಾಗಿಯೇ ಹಾಕಿ. ಅವುಗಳ ಹೊಳೆಯುವ ರಾಡನ್ನು ಕಟಿಂಗ್ ಪ್ಲೇಯರ್‌ನಿಂದ ಹಿಡಿದು ಗೀರಿದರೆ ಸೀಲು ಹರಿದು ಎಣ್ಣೆ ಸೋರುತ್ತದೆ.

ಎಷ್ಟೋ ಕಡೆ ಎಡವುವುದು ಇನ್ನು ಮುಂದೆ. ಗಾಡಿ ಎತ್ತಿದ್ದಾಗಲೇ ಬುಷ್ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ರಬ್ಬರ್ ಬುಷ್ ಬೋಲ್ಟಿನ ಸುತ್ತ ತಿರುಗುವುದಿಲ್ಲ, ಬಿಗಿದ ಜಾಗದಿಂದ ಆಚೀಚೆ ತಿರುಚಿಕೊಳ್ಳುತ್ತದೆ. ಸ್ಪ್ರಿಂಗು ಜೋತಿರುವಾಗ ಬಿಗಿದರೆ, ಗಾಡಿ ಇಳಿಸಿದ ಕ್ಷಣವೇ ರಬ್ಬರ್ ಮುರುಚಿಕೊಂಡು, ನಿಂತ ಗಾಡಿಯಲ್ಲೂ ಹಾಗೆಯೇ ಇರುತ್ತದೆ. ಹೊಸ ಬುಷ್ ಬೇಗ ಹರಿಯಲು ಇಷ್ಟು ಸಾಕು. ನಟ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಗಾಡಿಯನ್ನು ನಾಲ್ಕು ಚಕ್ರದ ಮೇಲೆ ಇಳಿಸಿ, ಹಿಂದೆ ಮುಂದೆ ಒಂದಿಷ್ಟು ಉರುಳಿಸಿದ ಮೇಲೆಯೇ ಕೊನೆಯ ಬಿಗಿ ಕೊಡಬೇಕು.

ಎರಡಕ್ಕೂ ಒಟ್ಟಿಗೆ ದುಡ್ಡು ಹೊಂದದಿದ್ದರೆ, ಶಾಕ್ ಸೋರದೆ ಇರುವವರೆಗೆ ಮೊದಲ ಸರದಿ ಬುಷ್‌ಗೇ ಇರಲಿ. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ, ಅದು ಸ್ವಲ್ಪ ಸಡಿಲಾಗಿರಬಹುದು.