ಸುಟ್ಟಗಾಯದ ಆಳ ಅಳೆಯುವ ಯಂತ್ರ: ವೆಚ್ಚ ಮತ್ತು ಪ್ರಯೋಜನ

ಗುಂಡ್ಲುಪೇಟೆ–ಊಟಿ ಹೆದ್ದಾರಿಯ ಹಂಗಳದಂತಹ ಊರಿನಲ್ಲಿ ಬಿಸಿನೀರು, ಒಲೆಯ ಬೆಂಕಿ ಅಥವಾ ಅಡುಗೆ ಅನಿಲದಿಂದ ಯಾರಿಗಾದರೂ ಸುಟ್ಟಗಾಯವಾದಾಗ, ಗಾಯದ ವಿಸ್ತಾರ ಮತ್ತು ಆಳವನ್ನು ವೈದ್ಯರು ನಿರ್ಧರಿಸಬೇಕಾಗುತ್ತದೆ. ವಿಸ್ತಾರದ ಅಂದಾಜು ಸುಲಭ. ಬೆರಳುಗಳೂ ಸೇರಿ ರೋಗಿಯ ಅಂಗೈಯು ದೇಹದ ಮೇಲ್ಮೈಯ ಸುಮಾರು ಶೇ. 1ರಷ್ಟಿರುತ್ತದೆ. ಆಳವನ್ನು ಅರಿಯುವುದು ಕಠಿಣ.

ಮೂರು ವಾರಗಳೊಳಗೆ ತಾನಾಗಿ ಮಾಯುವ ಗಾಯಕ್ಕೆ ಔಷಧಿ ಮತ್ತು ಪಟ್ಟಿ ಸಾಕು. ಅದಕ್ಕಿಂತ ಆಳವಾದ ಗಾಯಕ್ಕೆ ಸಾಮಾನ್ಯವಾಗಿ ಚರ್ಮ ಕಸಿ ಬೇಕು. ಇವೆರಡರ ನಡುವಿನ ಗಾಯಗಳಲ್ಲಿ ಅನುಭವಿ ತಜ್ಞರ ಕಣ್ಣಂದಾಜೂ ತಪ್ಪುವುದುಂಟು. ತಪ್ಪಿದಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆ ನಡೆಯಬಹುದು, ಇಲ್ಲವೇ ಅಗತ್ಯ ಶಸ್ತ್ರಚಿಕಿತ್ಸೆ ತಡವಾಗಿ ಸೋಂಕು, ಚರ್ಮದ ಬಿಗಿತ ಹೆಚ್ಚಬಹುದು.

ಲೇಸರ್ ಡಾಪ್ಲರ್ ಯಂತ್ರವು ಚರ್ಮದ ರಕ್ತಸಂಚಾರವನ್ನು ಬಣ್ಣದ ಚಿತ್ರವಾಗಿ ತೋರಿಸುತ್ತದೆ. ಸಂಚಾರ ಚೆನ್ನಾಗಿದ್ದರೆ ಗಾಯ ಬೇಗ ಮಾಯುವ ಸಂಭವ ಹೆಚ್ಚು. ಗಾಯವಾದ 2ರಿಂದ 5ನೇ ದಿನದೊಳಗಿನ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹ. ಬ್ರಿಟನ್ನಿನ ಮೌಲ್ಯಮಾಪನ ಸಂಸ್ಥೆ 'ನೈಸ್' 2011ರಲ್ಲಿ, ಆಳ ಖಚಿತವಾಗದ ಗಾಯಗಳಿಗೆ ಇಂತಹ ಯಂತ್ರದ ಬಳಕೆಯನ್ನು ಬೆಂಬಲಿಸಿತು.

ಆದರೆ ಅಲ್ಲಿನ ಲೆಕ್ಕ ಇಲ್ಲಿಗೆ ನೇರವಾಗಿ ಅನ್ವಯಿಸದು. ಯಂತ್ರದ ಬೆಲೆ, ನಿರ್ವಹಣೆ ಮತ್ತು ತರಬೇತಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, 100 ರೋಗಿಗಳಿದ್ದಲ್ಲಿ ತಲಾ 5,000 ರೂಪಾಯಿ, 10 ರೋಗಿಗಳಷ್ಟೇ ಇದ್ದಲ್ಲಿ ತಲಾ 50,000 ರೂಪಾಯಿ ತಗಲುತ್ತದೆ. ತಪ್ಪುವ ಶಸ್ತ್ರಚಿಕಿತ್ಸೆ, ಉಳಿಯುವ ಹಾಸಿಗೆ ದಿನಗಳು ಹಾಗೂ ರೋಗಿಯ ಜೊತೆಗಿರುವವರ ಕೂಲಿ ನಷ್ಟವನ್ನು ಇದರೊಡನೆ ತೂಗಿ ನೋಡಬೇಕು. ಆದ್ದರಿಂದ ಇಂತಹ ಯಂತ್ರವು ಹಲವು ತಾಲ್ಲೂಕುಗಳ ರೋಗಿಗಳು ಬರುವ ದೊಡ್ಡ ಸುಟ್ಟಗಾಯ ಘಟಕಕ್ಕೆ ತಕ್ಕುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಲ್ಲ. ಗ್ರಾಮ ಮಟ್ಟದಲ್ಲಿ ಗಾಯದ ಸ್ಪಷ್ಟ ಛಾಯಾಚಿತ್ರ ತೆಗೆದು ದೂರಸಮಾಲೋಚನೆಯ ಮೂಲಕ ತಜ್ಞರ ಸಲಹೆ ಪಡೆಯುವುದು ಕಡಿಮೆ ವೆಚ್ಚದ ದಾರಿ.

ಯಾವ ಯಂತ್ರವೂ ಮೊದಲ ಗಳಿಗೆಯ ಆರೈಕೆಗೆ ಬದಲಿಯಾಗದು. ಗಾಯವನ್ನು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ತಂಪುಗೊಳಿಸಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಹಚ್ಚಬಾರದು. ಶುಭ್ರ ಬಟ್ಟೆ ಹೊದಿಸಿ, 108ಕ್ಕೆ ಕರೆ ಮಾಡಬೇಕು. ಇದಕ್ಕೆ ಖರ್ಚಿಲ್ಲ, ಗಾಯ ಇನ್ನಷ್ಟು ಆಳವಾಗುವುದನ್ನು ತಡೆಯಲು ಇದು ನೆರವಾಗುತ್ತದೆ.